ಮೂರು ಅಂಗಡಿ, 27 ಟೇಬಲ್, ಒಂದು ಗೀಟು: ಸೈಕೋಪಿಜಿ ಬಳಸಿ ನೋಡಿದ್ದು

ಇದು ಪೈಥಾನ್‌ನಿಂದ ಪೋಸ್ಟ್‌ಗ್ರೆಸ್ ಡೇಟಾಬೇಸ್ ಜೊತೆ ಮಾತಾಡುವ ಸೈಕೋಪಿಜಿ ಅನ್ನೋ ಲೈಬ್ರರಿಯ ರಿವ್ಯೂ. ಪೂರ್ತಿ ಲೈಬ್ರರಿಯದ್ದೂ ಅಲ್ಲ. ಅದರೊಳಗೆ ‘ಎಸ್‌ಕ್ಯೂಎಲ್’ ಅಂತ, ಡೇಟಾಬೇಸಿನ ಜೊತೆ ಮಾತಾಡುವ ಭಾಷೆಯ ಹೆಸರನ್ನೇ ಇಟ್ಟುಕೊಂಡ ಒಂದು ಸಣ್ಣ ಮಾಡ್ಯೂಲ್ ಉಂಟು, ಅದರದ್ದು. ಟೇಬಲ್ ಹೆಸರೇ ವೇರಿಯಬಲ್ ಆಗಿ, ಅಂದರೆ ಬದಲಾಗುತ್ತಾ, ಬರುವ ಕ್ವೆರಿ (ಡೇಟಾಬೇಸಿಗೆ ಕೊಡುವ ಆಜ್ಞೆ) ಕಟ್ಟುವ ಗ್ರಹಚಾರ ನಿಮಗೂ ಬಂದಿದ್ದರೆ ಓದಿ. ಬಂದಿಲ್ಲದಿದ್ದರೆ ನಿಮ್ಮ ಪುಣ್ಯ.

ನನಗೆ ಅದು ಬಂದದ್ದು ಅಡಿಕೆಯ ಮೂಲಕ. ನಮ್ಮ ಕಡೆಯ ಒಬ್ಬರು ಅಡಿಕೆ, ಕಾಳುಮೆಣಸು, ರಬ್ಬರ್ ಖರೀದಿ ಮಾಡುತ್ತಾರೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ, ಕುಂಬಳೆ, ಮುಳ್ಳೇರಿಯದಲ್ಲಿ ಅಂಗಡಿ. ಅವರ ಬಿಲ್ಲಿನ ಪ್ರೋಗ್ರಾಮನ್ನು ಯಾರೋ ಒಬ್ಬರು ವರ್ಷಗಳ ಹಿಂದೆ ಬರೆದುಕೊಟ್ಟು ಹೋಗಿದ್ದರು. ಬರೆದವರು ಬುದ್ಧಿವಂತರೇ, ಅದರಲ್ಲಿ ಸಂಶಯ ಇಲ್ಲ. ಹೊಸ ಅಡಿಕೆ, ಹಳೆ ಅಡಿಕೆ, ಡಬಲ್ ಚೋಲ್, ಪಟೋರ, ಉಳ್ಳಿಗಡ್ಡೆ, ಕರಿಗೋಟು ಅಂತ ಎಲ್ಲಾ ಜಾತಿಗೂ ಬೇರೆ ಬೇರೆ ರೇಟು, ಚೀಲದ ತೂಕ ಕಳೆಯುವ ಲೆಕ್ಕ, ಎಲ್ಲಾ ಚೆನ್ನಾಗಿಯೇ ಇತ್ತು. ಆದರೆ ಅಂಗಡಿಗೊಂದು, ವರ್ಷಕ್ಕೊಂದು ಟೇಬಲ್ ಮಾಡಿಟ್ಟಿದ್ದರು. 2016-17ರಿಂದ 2024-25ರ ತನಕ ಒಂಬತ್ತು ವರ್ಷ, ಮೂರು ಅಂಗಡಿ, ಒಟ್ಟು 27 ಟೇಬಲ್. ಪ್ರತಿ ಏಪ್ರಿಲ್ 1ಕ್ಕೆ ಪ್ರೋಗ್ರಾಮ್ ತಾನೇ ಎದ್ದು ಆ ವರ್ಷದ ಟೇಬಲ್‌ಗಳನ್ನು ಹುಟ್ಟಿಸುತ್ತಿತ್ತು. ಅಂಗಡಿಯ ಹೆಸರು ತೆಗೆದುಕೊಳ್ಳುವುದು, ವರ್ಷ ಅಂಟಿಸುವುದು, ಆ ಸ್ಟ್ರಿಂಗನ್ನು ಹಾಗೆಯೇ ಕ್ವೆರಿಯೊಳಗೆ ತುರುಕುವುದು. ಪೈಥಾನ್ ಭಾಷೆಯಲ್ಲಿ ಹೀಗೆ ಬರಹದ ನಡುವೆ ವೇರಿಯಬಲ್ ಅಂಟಿಸುವುದಕ್ಕೆ ಎಫ್-ಸ್ಟ್ರಿಂಗ್ ಅನ್ನುತ್ತಾರೆ. ನಾವೆಲ್ಲ ಮಾಡಿದ್ದೇ, ಅಲ್ವಾ?

2025ರ ಏಪ್ರಿಲ್ 1ರಂದು ಬೆಳಿಗ್ಗೆ ಒಂಬತ್ತೂವರೆಗೆ ಬದಿಯಡ್ಕದ ಅಂಗಡಿಯ ಹುಡುಗ ಫೋನ್ ಮಾಡಿದ.

“ಅಣ್ಣಾ, ಬಿಲ್ಲೇ ಆಗುವುದಿಲ್ಲ. ಎಲ್ಲಾ ಅಂಗಡಿಯಲ್ಲೂ ಹಾಗೇ ಅಂತೆ. ಧಣಿಗಳು ಕೈಯಲ್ಲಿ ಚೀಟಿ ಬರೆದು ಕೊಡ್ತಾ ಇದ್ದಾರೆ.”

“ನಿನ್ನೆ ಎಂತಾದ್ರೂ ಬದಲು ಮಾಡಿದ್ದೀಯಾ?”

“ಇಲ್ಲಪ್ಪ. ಪೆರ್ಲದಲ್ಲಿ ಹೊಸ ಅಂಗಡಿ ಶುರು ಆಗ್ತದಲ್ಲ, ಅದರ ಹೆಸರು ಸೇರಿಸಿದೆ ಅಷ್ಟೇ. ಪೆರ್ಲ ಹೊಸ ಅಂತ, ನಡುವೆ ಒಂದು ಗೀಟು ಹಾಕಿದೆ. ತಪ್ಪಾಯ್ತಾ?”

ಅವನದ್ದು ಏನೂ ತಪ್ಪಿಲ್ಲ. ‘ಪೆರ್ಲ-ಹೊಸ’ ಅಂತ ಬರೆಯುವುದು ಯಾವ ಊರಿನಲ್ಲೂ ಅಪರಾಧ ಅಲ್ಲ. ಆದರೆ ಕೋಟ್ ಹಾಕದೆ ಅದನ್ನು ‘ಕ್ರಿಯೇಟ್ ಟೇಬಲ್’ ಪಕ್ಕದಲ್ಲಿ ಇಟ್ಟರೆ ಪೋಸ್ಟ್‌ಗ್ರೆಸ್‌ಗೆ ಆ ಗೀಟು ಮೈನಸ್ ಚಿಹ್ನೆ. ಸಿಂಟ್ಯಾಕ್ಸ್ ಎರರ್. ಇನ್ನೂ ಚಂದ ಎಂತ ಗೊತ್ತಾ, ಪೋಸ್ಟ್‌ಗ್ರೆಸ್‌ನಲ್ಲಿ ಟೇಬಲ್ ಹುಟ್ಟಿಸುವ ಕೆಲಸ ಕೂಡಾ ಟ್ರಾನ್ಸಾಕ್ಷನ್ ಒಳಗೇ ನಡೆಯುತ್ತದೆ, ಅಂದರೆ ಆದರೆ ಎಲ್ಲವೂ ಆಗಬೇಕು, ಒಂದು ಬಿದ್ದರೆ ಎಲ್ಲವೂ ರದ್ದು. ನಾಲ್ಕೂ ಟೇಬಲ್ ಒಂದೇ ಟ್ರಾನ್ಸಾಕ್ಷನ್‌ನಲ್ಲಿ ಇದ್ದವು. ಪೆರ್ಲ ಬಿತ್ತು ಅಂತ ಉಳಿದ ಮೂರನ್ನೂ ಅದು ಮರ್ಯಾದೆಯಿಂದ ವಾಪಸ್ ತೆಗೆದುಕೊಂಡಿತು. ಹೊಸ ವರ್ಷದ ಟೇಬಲ್ ಒಂದೂ ಇಲ್ಲ, ಬಿಲ್ ಎಲ್ಲಿಂದ ಬರಬೇಕು? ಹುಡುಗ ಹಾಕಿದ್ದು ಗೀಟು, ಅಷ್ಟಕ್ಕೇ ಮುಗಿಯಿತು. ಅದೇ ಜಾಗದಲ್ಲಿ ಬೇಕೆಂದೇ ಒಬ್ಬ ಸೆಮಿಕೋಲನ್ ಹಾಕಿ ‘ಡ್ರಾಪ್ ಟೇಬಲ್’ (ಟೇಬಲನ್ನೇ ಅಳಿಸು) ಅಂತ ಬರೆದಿದ್ದರೆ ಒಂಬತ್ತು ವರ್ಷದ ಲೆಕ್ಕ ಹೊಳೆಗೆ. ಈ ಎಸ್‌ಕ್ಯೂಎಲ್ ಇಂಜೆಕ್ಷನ್, ಅಂದರೆ ಹೆಸರಿನ ಜಾಗದಲ್ಲಿ ಆಜ್ಞೆ ನುಗ್ಗಿಸುವುದು, ಹೊಸ ವಿಷಯವೂ ಅಲ್ಲ. 1998ರಲ್ಲೇ ಜೆಫ್ ಫಾರಿಸ್ಟಲ್ ಅನ್ನುವವರು ಇದರ ಬಗ್ಗೆ ಬರೆದು ಎಚ್ಚರಿಸಿದ್ದರು. ನಾವು ಇನ್ನೂ ಅಂಟಿಸುತ್ತಲೇ ಇದ್ದೇವೆ.

ಆ ದಿನ ಗೀಟು ತೆಗೆಸಿ ಬಿಲ್ ಶುರು ಮಾಡಿಸಿದೆ. ಸಂಜೆ ಕೂತು ಕೋಡ್ ಬಿಚ್ಚಿದೆ.

ಮೊದಲು ಎಲ್ಲರೂ ಮಾಡುವ ತಪ್ಪನ್ನೇ ನಾನೂ ಮಾಡಿದೆ. ದಿನಾಂಕ, ತೂಕದಂಥ ವಿವರಗಳನ್ನು ಕಳಿಸಲು ಕ್ವೆರಿಯಲ್ಲಿ ಶೇಕಡಾ ಚಿಹ್ನೆ ಮತ್ತು ಎಸ್ ಅಂತ ಒಂದು ಖಾಲಿ ಜಾಗ ಬಿಡುತ್ತೇವಲ್ಲ, ಟೇಬಲ್ ಹೆಸರನ್ನೂ ಅಲ್ಲಿಗೇ ಕಳಿಸಿದರಾಯಿತು ಅಂದುಕೊಂಡೆ. ಆಗುವುದಿಲ್ಲ. ಸೈಕೋಪಿಜಿ 3 ಆ ಜಾಗದಲ್ಲಿ $1 ಅನ್ನುವ ಗುರುತು ಇಟ್ಟು ಸರ್ವರ್‌ಗೆ ಕಳಿಸುತ್ತದೆ, ಸರ್ವರ್ ‘ಸಿಂಟ್ಯಾಕ್ಸ್ ಎರರ್, $1 ಹತ್ತಿರ’ ಅಂತ ಮುಖಕ್ಕೆ ಹೊಡೆದ ಹಾಗೆ ಹೇಳುತ್ತದೆ. ಹಳೆಯ ಸೈಕೋಪಿಜಿ 2 ಆದರೆ ಹೆಸರಿಗೆ ಸಿಂಗಲ್ ಕೋಟ್ ಹಾಕಿ ಕಳಿಸುತ್ತದೆ. ಟೇಬಲ್ ಹೆಸರು ಇರಬೇಕಾದಲ್ಲಿ ಮಾಮೂಲಿ ಅಕ್ಷರದ ಸ್ಟ್ರಿಂಗ್ ಹೋಗಿ ಕೂರುತ್ತದೆ, ಅದಕ್ಕೂ ಅದೇ ಬೈಗುಳ.

ಯಾಕೆ ಅಂತ ನನಗೆ ತುಂಬ ದಿನ ಸರಿಯಾಗಿ ಗೊತ್ತಿರಲಿಲ್ಲ. ಸುಮ್ನೆ ‘ಆಗುವುದಿಲ್ಲ’ ಅಂತ ಬಾಯಿಪಾಠ ಮಾಡಿಕೊಂಡಿದ್ದೆ. ವಿಷಯ ಇಷ್ಟೇ. ಕ್ವೆರಿ ಬಂದ ಕೂಡಲೇ ಪೋಸ್ಟ್‌ಗ್ರೆಸ್ ಅದನ್ನು ಓದಿ, ಯಾವ ಟೇಬಲ್, ಅದರಲ್ಲಿ ಯಾವ ಕಾಲಮ್, ಯಾವ ಇಂಡೆಕ್ಸ್ ಉಂಟು ಅಂತ ನೋಡಿ ದಾರಿ ಗೊತ್ತು ಮಾಡಬೇಕು. ವಿವರಗಳು ಆಮೇಲೆ ಬಂದರೂ ಆಗುತ್ತದೆ. ಲಾರಿಯಲ್ಲಿ ಎಷ್ಟು ಚೀಲ, ಯಾವ ಜಾತಿ ಅಂತ ಲೋಡ್ ಮಾಡುವಾಗ ಹೇಳಬಹುದು. ಲಾರಿ ಮಂಗಳೂರಿಗೋ ಸುಳ್ಯಕ್ಕೋ ಅನ್ನುವುದನ್ನು ಮಾತ್ರ ಹೊರಡುವ ಮೊದಲೇ ಹೇಳಬೇಕು. ಟೇಬಲ್ ಹೆಸರು ಅಂದರೆ ಆ ಊರಿನ ಹೆಸರು.

ಇಲ್ಲಿಗೆ ಬರುತ್ತದೆ ನಮ್ಮ ಮಾಡ್ಯೂಲ್. 2017ರಲ್ಲಿ ಸೈಕೋಪಿಜಿ 2.7ರಲ್ಲಿ ಮೊದಲು ಬಂತು, 2021ರಲ್ಲಿ ಸೈಕೋಪಿಜಿ 3 ಬಂದಾಗ ಅದರಲ್ಲೂ ಉಳಿಯಿತು. ಬಳಸುವುದು ಸುಲಭ. ‘ಎಸ್‌ಕ್ಯೂಎಲ್’ ಅನ್ನುವ ಡಬ್ಬದೊಳಗೆ ‘ಸೆಲೆಕ್ಟ್ ಸ್ಟಾರ್ ಫ್ರಮ್ {}’ ಅಂತ ಬರೆಯುತ್ತೀರಿ. ಖಾಲಿ ಬಿಟ್ಟ ಜಾಗಕ್ಕೆ ಫಾರ್ಮ್ಯಾಟ್ ಮೂಲಕ ‘ಐಡೆಂಟಿಫೈಯರ್’ ಅನ್ನುವ ಇನ್ನೊಂದು ಡಬ್ಬದಲ್ಲಿ ಹೆಸರು ಹಾಕಿ ಕೊಡುತ್ತೀರಿ. ಅದು ಹೆಸರಿನ ಎರಡೂ ಬದಿ ಡಬಲ್ ಕೋಟ್ ಹಾಕುತ್ತದೆ. ಹೆಸರಿನೊಳಗೇ ಡಬಲ್ ಕೋಟ್ ಇದ್ದರೆ ಅದನ್ನು ಎರಡು ಮಾಡುತ್ತದೆ. ಇನ್ನು ಗೀಟು ಬರಲಿ, ಸ್ಪೇಸ್ ಬರಲಿ, ಸೆಮಿಕೋಲನ್ ಬರಲಿ, ಎಲ್ಲವೂ ಹೆಸರಿನ ಅಕ್ಷರಗಳು ಅಷ್ಟೇ. ದಿನಾಂಕ, ಕೃಷಿಕರ ಹೆಸರು, ತೂಕ ಇವೆಲ್ಲ ಯಾವಾಗಿನ ಹಾಗೆ ಶೇಕಡಾ-ಎಸ್ ದಾರಿಯಲ್ಲೇ ಹೋಗುತ್ತವೆ. ಟೇಬಲ್ ಹೆಸರಿಗೆ ಒಂದು ಬಾಗಿಲು, ವಿವರಕ್ಕೆ ಇನ್ನೊಂದು. ಕಟ್ಟಿದ ಕ್ವೆರಿ ಕಡೆಗೆ ಹೇಗಾಯಿತು ಅಂತ ನೋಡಬೇಕಿದ್ದರೆ ‘ಆ್ಯಸ್ ಸ್ಟ್ರಿಂಗ್’ ಅಂತ ಒಂದು ಮೆಥಡ್ ಉಂಟು, ಕನೆಕ್ಷನ್ ಕೊಟ್ಟು ಕರೆದರೆ ಪೂರ್ತಿ ತೋರಿಸುತ್ತದೆ. ನನಗೆ ಇಡೀ ಮಾಡ್ಯೂಲಿನಲ್ಲಿ ಜಾಸ್ತಿ ಇಷ್ಟವಾದದ್ದು ಇದೇ. ಕತ್ತಲಲ್ಲಿ ಕೈ ಹಾಕುವ ಕೆಲಸ ಇಲ್ಲ.

ಇನ್ನೊಂದು ಒಳ್ಳೆಯ ಗುಣ. ಎಡಿಟರ್‌ನಲ್ಲಿ ಟೈಪ್ ತಪಾಸಣೆ ಆನ್ ಮಾಡಿದ್ದರೆ, ಸೈಕೋಪಿಜಿ 3ಕ್ಕೆ ಎಫ್-ಸ್ಟ್ರಿಂಗ್‌ನಲ್ಲಿ ವೇರಿಯಬಲ್ ಅಂಟಿಸಿದ ಕ್ವೆರಿ ಕೊಟ್ಟ ಕೂಡಲೇ ಅಡಿಗೆರೆ ಬೀಳುತ್ತದೆ. ಓಡುವುದೇನೋ ಓಡುತ್ತದೆ, ಆದರೆ ಮನೆಯ ಹಿರಿಯರು ಗಂಟಲು ಕೆರೆದ ಹಾಗೆ ಒಂದು ಸೂಚನೆ.

ಇಷ್ಟು ಓದಿ ‘ಹಾಗಾದರೆ ಮುಗಿಯಿತಲ್ಲ’ ಅನ್ನಬೇಡಿ. ನಾನು ಎಲ್ಲಾ ಕಡೆ ಐಡೆಂಟಿಫೈಯರ್ ಹಾಕಿ ಓಡಿಸಿದಾಗ ಮೊದಲು ಕೈಕೊಟ್ಟದ್ದು ಕುಂಬಳೆ. ‘ರಿಲೇಶನ್ ಡಸ್ ನಾಟ್ ಎಕ್ಸಿಸ್ಟ್.’ ಟೇಬಲ್ ಕಣ್ಣೆದುರೇ ಉಂಟು, ಆದರೂ ಇಲ್ಲ ಅನ್ನುತ್ತದೆ! ಕೋಟ್ ಇಲ್ಲದ ಇಂಗ್ಲಿಷ್ ಹೆಸರನ್ನು ಪೋಸ್ಟ್‌ಗ್ರೆಸ್ ಸಣ್ಣ ಅಕ್ಷರಕ್ಕೆ ಇಳಿಸಿಬಿಡುತ್ತದೆ. ಕೋಟ್ ಇದ್ದರೆ ಬರೆದ ಹಾಗೆಯೇ ನೋಡುತ್ತದೆ. ಹಳೆಯ ಕೋಡಿನಲ್ಲಿ ಕುಂಬಳೆಗೆ ದೊಡ್ಡ ಕೆ ಇತ್ತು. ಕೋಟ್ ಇರಲಿಲ್ಲವಾದ್ದರಿಂದ ಇಷ್ಟು ವರ್ಷ ಯಾರಿಗೂ ಗೊತ್ತಾಗಲಿಲ್ಲ. ಐಡೆಂಟಿಫೈಯರ್ ಬಂದು ಕೋಟ್ ಹಾಕಿದ ದಿನ ದೊಡ್ಡ ಕೆ ಬೇರೆ, ಸಣ್ಣ ಕೆ ಬೇರೆ ಆಯಿತು.

ಅದು ಸರಿ ಮಾಡಿದ ಮೇಲೆ ಇನ್ನೊಂದು. ನಮ್ಮ ಊರಿನ ಹೆಸರುಗಳ ಪಾಡು ನಿಮಗೆ ಗೊತ್ತಲ್ಲ. ಕನ್ನಡದಲ್ಲಿ ಕುಂಬಳೆ, ಮಲಯಾಳದಲ್ಲಿ ಕುಂಬಳ, ರೈಲ್ವೆಯ ಇಂಗ್ಲಿಷಿನಲ್ಲಿ ಕುಂಬ್ಲ. ಸೆಟ್ಟಿಂಗ್ಸ್‌ನಲ್ಲಿ ಅಂಗಡಿಯ ಹೆಸರನ್ನು ಆಯಾ ಕಾಲದಲ್ಲಿ ಇದ್ದ ಗುಮಾಸ್ತರು ತಮ್ಮ ತಮ್ಮ ಬಾಯಿಗೆ ಬಂದ ಹಾಗೆ ತಿದ್ದಿದ್ದರು. ಹಾಗಾಗಿ ಒಂದೇ ಅಂಗಡಿಯ ಒಂಬತ್ತು ಟೇಬಲ್‌ಗಳಿಗೆ ಮೂರು ಬಗೆಯ ಸ್ಪೆಲ್ಲಿಂಗ್. ‘ಅಂಗಡಿ ಜೊತೆಗೆ ವರ್ಷ’ ಅಂತ ಹೆಸರು ಕಟ್ಟಿದರೆ ಕೆಲವು ಸಿಗುತ್ತವೆ, ಕೆಲವು ಸಿಗುವುದಿಲ್ಲ. ಇದಕ್ಕೆ ಯಾವ ಲೈಬ್ರರಿಯೂ ಮದ್ದು ಕೊಡುವುದಿಲ್ಲ. ಕಡೆಗೆ ಒಂದು ಡಿಕ್ಷನರಿ ಮಾಡಿದೆ. ಇಂಥ ಅಂಗಡಿ, ಇಂಥ ವರ್ಷ ಅಂದರೆ ಇಂಥ ಟೇಬಲ್ ಅಂತ 27 ಸಾಲು, ಕೈಯಲ್ಲೇ ಬರೆದೆ. ಸ್ಕ್ರೀನಿನಿಂದ ಬರುವುದು ಅಂಗಡಿಯ ನಂಬರ್ ಮತ್ತು ವರ್ಷ ಮಾತ್ರ. ಡಿಕ್ಷನರಿಯಲ್ಲಿ ಇಲ್ಲದ್ದು ಬಂದರೆ ಕ್ವೆರಿ ಕಟ್ಟುವುದೇ ಇಲ್ಲ.

ಈ ಡಿಕ್ಷನರಿ ಬೇಕೇ ಬೇಕು ಅನ್ನಲು ಇನ್ನೊಂದು ಕಾರಣವೂ ಉಂಟು, ತುಂಬ ಮಂದಿ ಇದನ್ನು ಮರೆಯುತ್ತಾರೆ. ಅದೇ ಡೇಟಾಬೇಸಿನಲ್ಲಿ ‘ಸಂಬಳ’ ಅಂತ ಒಂದು ಟೇಬಲ್ ಇತ್ತು. ಬ್ರೌಸರ್‌ನಿಂದ ಬರುವ ಹೆಸರನ್ನು ನೇರ ಐಡೆಂಟಿಫೈಯರ್‌ಗೆ ಕೊಟ್ಟರೆ, ಒಬ್ಬ ಕಿಲಾಡಿ ಅಲ್ಲಿ ‘ಸಂಬಳ’ ಅಂತ ಕಳಿಸಿದ ಅಂತಿಟ್ಟುಕೊಳ್ಳಿ. ಮಾಡ್ಯೂಲ್ ಅಚ್ಚುಕಟ್ಟಾಗಿ ಕೋಟ್ ಹಾಕಿ ಎಲ್ಲರ ಸಂಬಳವನ್ನೂ ತಂದು ಕೊಡುತ್ತದೆ. ಇಂಜೆಕ್ಷನ್ ಆಗಲೇ ಇಲ್ಲ, ಆದರೂ ಮಾನ ಹೋಯಿತು.

ಚುಕ್ಕಿಯ ಕಾಟವನ್ನೂ ಹೇಳಿಬಿಡುತ್ತೇನೆ. ಸ್ಕೀಮಾ (ಟೇಬಲ್ ಗುಂಪಿನ ಹೆಸರು) ಮತ್ತು ಟೇಬಲ್ ಎರಡನ್ನೂ ಒಂದೇ ಸ್ಟ್ರಿಂಗಿನಲ್ಲಿ ಚುಕ್ಕಿ ಇಟ್ಟು ಕೊಟ್ಟರೆ ಅದು ಚುಕ್ಕಿ ಇರುವ ಒಂದೇ ಉದ್ದ ಹೆಸರು ಅಂತ ತಿಳಿದು ಕೋಟ್ ಹಾಕುತ್ತದೆ, ಟೇಬಲ್ ಸಿಗುವುದಿಲ್ಲ. ಎರಡು ಬೇರೆ ಬೇರೆ ಆರ್ಗ್ಯುಮೆಂಟ್ ಆಗಿ ಕೊಡಬೇಕು. ಡಾಕ್ಯುಮೆಂಟೇಶನ್‌ನಲ್ಲಿ ಇದೆ. ನಾನು ಓದಿದ್ದು ಅರ್ಧ ಗಂಟೆ ತಲೆ ಚಚ್ಚಿಕೊಂಡ ಮೇಲೆ.

ಈಗ ಮುಖ್ಯ ವಿಷಯ. ಸ್ಪೆಲ್ಲಿಂಗ್ ಗಲಾಟೆಯಿಂದ ರೋಸಿ ಹೋಗಿ ನನಗೊಂದು ಆಸೆ ಹುಟ್ಟಿತು. ಟೇಬಲ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟರೆ ಹೇಗೆ? ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರದ ರಗಳೆ ಇಲ್ಲ, ಪೋಸ್ಟ್‌ಗ್ರೆಸ್‌ಗೆ ಕನ್ನಡ ಅಕ್ಷರದ ಹೆಸರು ಚೆನ್ನಾಗಿಯೇ ಆಗುತ್ತದೆ. ಕಾಸರಗೋಡಿನವರಿಗೆ ಕನ್ನಡದಲ್ಲಿ ಬೋರ್ಡ್ ಇಡುವುದು ಅಂದರೆ ಒಂದು ಹುಮ್ಮಸ್ಸು, ಹೇಳಬೇಕಾಗಿಲ್ಲವಲ್ಲ. ಒಂದು ಪರೀಕ್ಷೆಯ ಡೇಟಾಬೇಸ್ ಮಾಡಿ, ‘ಇಲ್ಲದಿದ್ದರೆ ಮಾತ್ರ ಟೇಬಲ್ ಮಾಡು’ ಅಂತ ಹೇಳಿ, 27 ಹೆಸರನ್ನೂ ಐಡೆಂಟಿಫೈಯರ್ ಮೂಲಕ ಕಳಿಸಿದೆ. ಕುಂಬಳೆ_ಅಡಿಕೆ_ಖರೀದಿ_2018_19, ಬದಿಯಡ್ಕ_ಅಡಿಕೆ_ಖರೀದಿ_2018_19, ಹೀಗೆ. ಒಂದೇ ಒಂದು ಎರರ್ ಬರಲಿಲ್ಲ. ಹಳೆಯ ಲೆಕ್ಕವನ್ನೆಲ್ಲ ತುಂಬಿಸಿದೆ, ಆಗಲೂ ಎರರ್ ಇಲ್ಲ. ಕ್ವೆರಿ ಹಾಕಿದೆ, ಉತ್ತರವೂ ಬಂತು. ಒಂದೇ ಸಮಸ್ಯೆ: ಮುಳ್ಳೇರಿಯದ ಅಂಗಡಿ 2018-19 ಒಂದೇ ವರ್ಷದಲ್ಲಿ ನಾಲ್ಕು ವರ್ಷದಷ್ಟು ಅಡಿಕೆ ಖರೀದಿ ಮಾಡಿಬಿಟ್ಟಿತ್ತು.

ಟೇಬಲ್ ಎಣಿಸಿದೆ. 27 ಇರಬೇಕಾದಲ್ಲಿ 20.

ಪೋಸ್ಟ್‌ಗ್ರೆಸ್‌ನಲ್ಲಿ ಒಂದು ಹೆಸರಿಗೆ ಹೆಚ್ಚೆಂದರೆ 63 ಬೈಟ್. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಆದರೆ ಅಕ್ಷರಗಳನ್ನು ಬೈಟ್ ಮಾಡುವ ಯುಟಿಎಫ್-8 ಕ್ರಮದಲ್ಲಿ ಕನ್ನಡದ ಒಂದೊಂದು ಗುರುತಿಗೂ ಮೂರು ಬೈಟ್. ಗುಣಿತದ ಗುರುತಿಗೆ ಬೇರೆ ಮೂರು, ಒತ್ತಕ್ಷರದ ನಡುವಿನ ವಿರಾಮಕ್ಕೆ ಬೇರೆ ಮೂರು. ‘ಳ್ಳೇ’ ಅಂತ ಒಂದು ಸಲ ಬರೆದರೆ 12 ಬೈಟ್ ಖಾಲಿ! ಪೆನ್ನು ಹಿಡಿದು ಲೆಕ್ಕ ಹಾಕಿದೆ. ಕುಂಬಳೆಯ ಹೆಸರು 58 ಬೈಟ್, ಪಾಸು. ಬದಿಯಡ್ಕ 61, ಅದೂ ಬಾಗಿಲು ಉಜ್ಜಿಕೊಂಡು ಪಾಸು. ಮುಳ್ಳೇರಿಯ 67. ನಾಲ್ಕು ಬೈಟ್ ಜಾಸ್ತಿ. ಆಗ ಪೋಸ್ಟ್‌ಗ್ರೆಸ್ ಬಾಲ ಕತ್ತರಿಸುತ್ತದೆ. ‘2018_19’ರ ಕೊನೆಯ ನಾಲ್ಕು ಅಕ್ಷರ ಹೋದರೆ ಉಳಿಯುವುದು ‘201’. 2016, 2017, 2018, 2019 ನಾಲ್ಕಕ್ಕೂ ಅದೇ 201. 2020ರಿಂದ ಆಚೆಯ ಐದು ವರ್ಷಕ್ಕೂ 202. ಒಂಬತ್ತು ಟೇಬಲ್ ಇರಬೇಕಾದಲ್ಲಿ ಎರಡು. ‘ಇಲ್ಲದಿದ್ದರೆ ಮಾತ್ರ ಮಾಡು’ ಅಂತ ನಾನೇ ಹೇಳಿದ್ದರಿಂದ, ‘ಉಂಟಲ್ಲ’ ಅಂತ ಅದು ತಣ್ಣಗೆ ಮುಂದೆ ಹೋಯಿತು.

ಪೋಸ್ಟ್‌ಗ್ರೆಸ್ ಪೂರ್ತಿ ಬಾಯಿ ಮುಚ್ಚಿ ಮಾಡಿದ್ದಲ್ಲ ಇದು. ಹೆಸರು ಕತ್ತರಿಸುತ್ತೇನೆ ಅಂತ ನೋಟಿಸ್ ಕಳಿಸುತ್ತದೆ. ಆದರೆ ಸೈಕೋಪಿಜಿ 3ರಲ್ಲಿ ನೋಟಿಸ್ ಕೇಳಿಸಿಕೊಳ್ಳಲು ನಾವೇ ಒಂದು ಹ್ಯಾಂಡ್ಲರ್ ಸೇರಿಸಬೇಕು. ಸೇರಿಸದಿದ್ದರೆ ಆ ನೋಟಿಸ್ ಪಂಚಾಯತ್ ಕಚೇರಿಯ ಗೋಡೆಗೆ ಅಂಟಿಸಿದ ನೋಟಿಸಿನ ಹಾಗೆ, ಯಾರೂ ಓದುವುದಿಲ್ಲ. ಐಡೆಂಟಿಫೈಯರ್ ತಾನೇ ಉದ್ದ ನೋಡಿ ‘ಇದು ಹಿಡಿಸುವುದಿಲ್ಲ’ ಅಂತ ಹೇಳಬಹುದಿತ್ತು, ಹೇಳುವುದಿಲ್ಲ. ನನ್ನ ಕಡೆಯಿಂದ ದೊಡ್ಡ ದೂರು ಇದೊಂದೇ. ಇಂಗ್ಲಿಷಿನಲ್ಲಿ ಹೆಸರಿಡುವವರಿಗೆ 63 ಬೈಟ್ ಧಾರಾಳ, ಅವರಿಗೆ ಇದು ತಲೆಗೇ ಬಂದಿರಲಾರದು. ನಮಗೆ 21 ಗುರುತಿಗೆ ಕಥೆ ಮುಗಿಯುತ್ತದೆ. ಕನ್ನಡದಲ್ಲಿ ಟೇಬಲ್ ಹೆಸರಿಡುವ ಆಸೆ ಇದ್ದರೆ ಇಡಿ, ಆದರೆ ಹೆಸರನ್ನು ಯುಟಿಎಫ್-8ಗೆ ಎನ್‌ಕೋಡ್ ಮಾಡಿ ಉದ್ದ ಅಳೆಯುವ ಒಂದು ಸಾಲು ಬರೆದುಕೊಂಡೇ ಇಡಿ.

ಎಲ್ಲಾ ವರ್ಷದ ಲೆಕ್ಕ ಒಟ್ಟಿಗೆ ಬೇಕು ಅಂತ ಧಣಿಗಳು ಕೇಳಿದಾಗ ಈ ಮಾಡ್ಯೂಲಿನ ‘ಜಾಯಿನ್’ ಚೆನ್ನಾಗಿ ಉಪಯೋಗಕ್ಕೆ ಬಂತು. ಒಂದೊಂದು ಟೇಬಲ್‌ಗೂ ಒಂದು ಸೆಲೆಕ್ಟ್ ಕಟ್ಟಿ, ನಡುವೆ ‘ಯೂನಿಯನ್ ಆಲ್’ (ಉತ್ತರಗಳನ್ನೆಲ್ಲ ಒಟ್ಟು ಸೇರಿಸು) ಪೋಣಿಸಿದರೆ 27 ಟೇಬಲಿನ ಕ್ವೆರಿ ಮೂರು ಸಾಲು ಕೋಡಿನಲ್ಲಿ ತಯಾರು. ತಯಾರೇನೋ ಆಯಿತು, ಓಡಲಿಲ್ಲ. ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. 2016-17ರ ಟೇಬಲ್‌ಗಳಲ್ಲಿ ವ್ಯಾಟ್‌ನ ಒಂದು ಕಾಲಮ್, ಆಮೇಲಿನವುಗಳಲ್ಲಿ ಜಿಎಸ್‌ಟಿಯ ಎರಡು. ಕಾಲಮ್ ಲೆಕ್ಕ ತಾಳೆಯಾಗದಿದ್ದರೆ ಯೂನಿಯನ್ ಒಪ್ಪುವುದಿಲ್ಲ. ಬೇಕಾದ ಕಾಲಮ್‌ಗಳ ಹೆಸರನ್ನು ಒಂದೊಂದೇ ಬರೆದು, ಇಲ್ಲದ್ದಕ್ಕೆ ಸೊನ್ನೆ ಹಾಕಿ ಸುಧಾರಿಸಿದೆ.

ಅಲ್ಲಿಗೆ ನನಗೆ ಸಾಕಾಯಿತು. ಇಷ್ಟೆಲ್ಲ ಸರ್ಕಸ್ ಯಾಕೆ? ವರ್ಷವೂ ಅಂಗಡಿಯೂ ಟೇಬಲಿನ ಹೆಸರಿನಲ್ಲಿ ಇರಬೇಕಾದ ವಿಷಯಗಳೇ ಅಲ್ಲ, ಟೇಬಲಿನ ಒಳಗಿನ ಕಾಲಮ್‌ಗಳು. ಹಳಬರು ಹಾಗೆ ಮಾಡಿದ್ದಕ್ಕೆ ಅವರದ್ದೇ ಕಾರಣ ಇದ್ದೀತು, ಒಂದೇ ಟೇಬಲ್ ದೊಡ್ಡದಾದರೆ ನಿಧಾನ ಆಗುತ್ತದೆ ಅನ್ನುವ ಹೆದರಿಕೆ ಆಗ ಎಲ್ಲರಿಗೂ ಇತ್ತು. ಆದರೆ 2017ರಲ್ಲಿ ಬಂದ ಪೋಸ್ಟ್‌ಗ್ರೆಸ್ 10ರಿಂದ ಪಾರ್ಟಿಷನ್ ಅನ್ನುವುದು ಡೇಟಾಬೇಸಿನೊಳಗೇ ಸಲೀಸಾಗಿ ಆಗುತ್ತದೆ. ನಮ್ಮಲ್ಲಿ ಪಾರ್ಟಿಷನ್ ಅಂದರೆ ತೋಟ ಪಾಲಾಗಿ ಅಣ್ಣತಮ್ಮಂದಿರು ಮಾತು ಬಿಡುವುದು. ಇಲ್ಲಿ ಹಾಗಲ್ಲ. ಹೊರಗಿನಿಂದ ನೋಡಿದರೆ ‘ಖರೀದಿ’ ಅಂತ ಒಂದೇ ಟೇಬಲ್, ಒಳಗೆ ವರ್ಷಕ್ಕೊಂದು ಪಾಲು. ದಿನಾಂಕ ಕೊಟ್ಟು ಕೇಳಿದರೆ ಯಾವ ಪಾಲಿನಲ್ಲಿ ಹುಡುಕಬೇಕು ಅಂತ ಅದೇ ನೋಡಿಕೊಳ್ಳುತ್ತದೆ. ಎರಡು ಭಾನುವಾರ ಕೂತು 27 ಟೇಬಲನ್ನೂ ಅದಕ್ಕೆ ಸಾಗಿಸಿದೆ. ಒಂದೊಂದು ಸಾಲನ್ನೂ ಗುರುತಿಸುವ ಪ್ರೈಮರಿ ಕೀಯಲ್ಲಿ ದಿನಾಂಕವೂ ಇರಲೇಬೇಕು ಅಂತ ಒಂದು ನಿಯಮ ಉಂಟು, ಬಿಲ್ ನಂಬರ್ ಪ್ರತಿ ವರ್ಷ ಒಂದರಿಂದ ಶುರುವಾಗುವ ಅಂಗಡಿಗೆ ಅದು ತೊಂದರೆ ಅನ್ನಿಸಲೇ ಇಲ್ಲ.

ಈಗ ಐಡೆಂಟಿಫೈಯರ್ ಉಳಿದಿರುವುದು ಒಂದೇ ಕಡೆ. ಮುಂದಿನ ವರ್ಷದ ಪಾಲು ಹುಟ್ಟಿಸುವ ಸ್ಕ್ರಿಪ್ಟಿನಲ್ಲಿ. ಅಲ್ಲಿ ಟೇಬಲ್ ಹೆಸರು ನಿಜವಾಗಿಯೂ ಬದಲಾಗಬೇಕು, ಅಲ್ಲಿ ಅದು ಬೇಕು. ಪಾಲಿನ ಆರಂಭದ ದಿನ, ಕೊನೆಯ ದಿನ ಬರೆಯುವಾಗ ಮಾತ್ರ ಗಮನ ಇರಲಿ. ಟೇಬಲ್ ಹುಟ್ಟಿಸುವ ಆಜ್ಞೆಗಳಲ್ಲಿ $1 ನಡೆಯುವುದಿಲ್ಲ, ಹಾಗಾಗಿ ದಿನಾಂಕವನ್ನು ಅದೇ ಮಾಡ್ಯೂಲಿನ ‘ಲಿಟರಲ್’ ಡಬ್ಬದಲ್ಲಿ ಹಾಕಿ ಕೊಡಬೇಕು.

ಹೊಸ ಪೈಥಾನ್ 3.14 ಮತ್ತು ಸೈಕೋಪಿಜಿ 3.3 ಇದ್ದವರಿಗೆ ಟೆಂಪ್ಲೇಟ್ ಸ್ಟ್ರಿಂಗ್ ಅಂತ ಇನ್ನೂ ಸುಲಭದ ದಾರಿ ಬಂದಿದೆ, ನೋಡಲು ಎಫ್-ಸ್ಟ್ರಿಂಗಿನ ಹಾಗೆಯೇ, ವೇರಿಯಬಲ್ ಪಕ್ಕದಲ್ಲಿ ಕೋಲನ್ ಹಾಕಿ ಐ ಅಂತ ಬರೆದರೆ ಅದು ಹೆಸರು ಅಂತ ಅರ್ಥ. ಅಂಗಡಿಯ ಕಂಪ್ಯೂಟರ್‌ಗಳಲ್ಲಿ ಇರುವುದು ಹಳೆಯ ಪೈಥಾನ್, ಹಾಗಾಗಿ ನಾನು ಡಬ್ಬಗಳಲ್ಲೇ ಇದ್ದೇನೆ. ಪೈಥಾನ್ ಬೇಡ, ಡೇಟಾಬೇಸಿನೊಳಗೇ ಫಂಕ್ಷನ್ ಬರೆಯುತ್ತೇನೆ ಅನ್ನುವವರಿಗೆ ಪೋಸ್ಟ್‌ಗ್ರೆಸ್‌ನ ಸ್ವಂತ ‘ಫಾರ್ಮ್ಯಾಟ್’ ಫಂಕ್ಷನ್ ಉಂಟು. ಅದರಲ್ಲಿ ಶೇಕಡಾ ಚಿಹ್ನೆ ಮತ್ತು ದೊಡ್ಡ ಐ ಹಾಕಿದರೆ ಹೆಸರಿಗೆ ಬೇಕಾದಾಗ ಕೋಟ್ ಅದೇ ಹಾಕುತ್ತದೆ.

ದುಡ್ಡು ಕೊಡಬೇಕಾಗಿಲ್ಲ, ಎಲ್‌ಜಿಪಿಎಲ್ ಲೈಸೆನ್ಸ್, ಪಿಪ್‌ನಲ್ಲಿ ಒಂದು ಸಾಲು ಬರೆದರೆ ಬಂದು ಕೂರುತ್ತದೆ. ಡಾಕ್ಯುಮೆಂಟೇಶನ್ ಇಂಗ್ಲಿಷಿನಲ್ಲಿ, ಆದರೆ ಉದಾಹರಣೆಗಳು ಧಾರಾಳ ಇವೆ. ಐದರಲ್ಲಿ ನಾಲ್ಕು ಕೊಡುತ್ತೇನೆ. ಹೋದ ಒಂದು ನಕ್ಷತ್ರ ಮುಳ್ಳೇರಿಯದ ನಾಲ್ಕು ಬೈಟಿಗೆ.

ಹುಡುಗ ಮೊನ್ನೆ ಕೇಳಿದ, “ಅಣ್ಣಾ, ಈಗ ಪೆರ್ಲಕ್ಕೆ ಗೀಟು ಹಾಕಬಹುದಾ?” ಹಾಕು ಮಾರಾಯಾ ಅಂದೆ. ಈಗ ಅದು ಅಂಗಡಿ ಅನ್ನುವ ಕಾಲಮ್ಮಿನೊಳಗೆ ಒಂದು ಸಾಲು ಅಷ್ಟೇ. ಗೀಟಿನ ಜೊತೆ ಬ್ರಾಕೆಟ್ಟಿನಲ್ಲಿ ಬಸ್ ಸ್ಟ್ಯಾಂಡ್ ಎದುರು ಅಂತಲೂ ಸೇರಿಸಿದ್ದಾನೆ.